ಹೊಳ್ಳಿ ಬರುವ ಹೊತ್ತು

ಹವಾಮಾನ ಕೆಟ್ಟಾಗ ಸಣ್ಣ ವಿಮಾನ ಹೊಳ್ಳಿ ಬರಬೇಕಾದುದರ ಬಗ್ಗೆ ಕಲಬುರಗಿಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಮಾತು ಶುರು ಮಾಡುವ ಮೊದಲು ಒಂದು ತಿರುಗುವ ಕುರ್ಚಿ ಕೇಳಿದ್ದೆ. ಆಫೀಸಿನಿಂದ ಹುಡುಗರು ಹೊತ್ತು ತಂದರು. ಮುಂದಿನ ಸಾಲಿನಲ್ಲಿದ್ದ ಪಿಯುಸಿ ಹುಡುಗಿಯೊಬ್ಬಳು ತಾನಾಗಿ ಬಂದು ಕೂತಳು. ಕಣ್ಣಿಗೆ ಟವೆಲ್ ಕಟ್ಟಿದೆವು. ಎರಡೂ ಮುಷ್ಟಿ ಬಿಗಿದು ಹೆಬ್ಬೆರಳು ಮೇಲೆತ್ತಲು ಹೇಳಿದೆ. ಬಲಕ್ಕೆ ತಿರುಗುತ್ತಿದ್ದೇನೆ ಅನ್ನಿಸಿದರೆ ಬೆರಳು ಬಲಕ್ಕೆ, ಎಡಕ್ಕೆ ಅನ್ನಿಸಿದರೆ ಎಡಕ್ಕೆ, ನಿಂತಿದ್ದೇನೆ ಅನ್ನಿಸಿದರೆ ನೆಟ್ಟಗೆ. ಇಷ್ಟೇ.

ಕುರ್ಚಿಯನ್ನು ಬಲಕ್ಕೆ, ಒಂದೇ ವೇಗದಲ್ಲಿ ತಿರುಗಿಸುತ್ತಾ ಹೋದೆ. ಹೆಬ್ಬೆರಳು ಸರಿಯಾಗಿ ಬಲಕ್ಕೆ ವಾಲಿತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಮೇಲೆದ್ದಿತು. ಅರ್ಧ ನಿಮಿಷದೊಳಗೆ ನೆಟ್ಟಗೆ ನಿಂತಿತು. ಕುರ್ಚಿ ಇನ್ನೂ ತಿರುಗುತ್ತಲೇ ಇತ್ತು. ‘ನಿಂತದ ಸರ್’ ಅಂದಳು. ಸಭೆಯಲ್ಲಿ ನಗು. ಆಮೇಲೆ ಕುರ್ಚಿಯನ್ನು ನಿಜವಾಗಿ ನಿಲ್ಲಿಸಿದೆ. ಎರಡೂ ಹೆಬ್ಬೆರಳು ಎಡಕ್ಕೆ ಬಿದ್ದವು. ‘ಈಗ ಎಡಕ್ಕ ತಿರಗ್ಲಾಕತ್ತೀನಿ’ ಅಂದಳು. ಟವೆಲ್ ಬಿಚ್ಚಿದಾಗ ಅವಳ ಮುಖ ನೋಡಬೇಕಿತ್ತು. ಸಭೆಯಲ್ಲಿ ಎಲ್ಲರೂ ನೋಡಿದ್ದನ್ನು ಅವಳೊಬ್ಬಳೇ ನಂಬಲಿಲ್ಲ.

ಆ ಹುಡುಗಿ ತಪ್ಪು ಹೇಳಲಿಲ್ಲ. ತನಗೆ ಅನ್ನಿಸಿದ್ದನ್ನೇ ಹೇಳಿದಳು. ನೀವು ಕೂತರೂ ಹೀಗೇ, ಸಾವಿರಾರು ಗಂಟೆ ಹಾರಿದ ಪೈಲಟ್ ಕೂತರೂ ಹೀಗೇ. ಮೋಡದೊಳಗೆ ಹೊಕ್ಕ ಸಣ್ಣ ವಿಮಾನದಲ್ಲಿ ಆಗುವುದೂ ಇದೇ.

ನಮ್ಮ ಕಿವಿಯ ಒಳಗೆ, ಶಬ್ದ ಕೇಳುವ ಭಾಗದ ಪಕ್ಕದಲ್ಲೇ, ಮೂರು ಪುಟ್ಟ ಬಳೆಯಂಥ ಕೊಳವೆಗಳಿವೆ. ಒಳಗೆ ನೀರಿನಂಥ ದ್ರವ. ಮನೆಗೆ ಹೋದ ಮೇಲೆ ಒಂದು ತಂಬಿಗೆ ನೀರಿನಲ್ಲಿ ತುಳಸಿ ಎಲೆ ಹಾಕಿ ತಂಬಿಗೆಯನ್ನು ತಿರುಗಿಸಿ ನೋಡಿ. ಮೊದಲಿಗೆ ತಂಬಿಗೆ ತಿರುಗುತ್ತದೆ, ಎಲೆ ಇದ್ದಲ್ಲೇ ಇರುತ್ತದೆ. ತಿರುಗಿಸುತ್ತಾ ಇದ್ದರೆ ನೀರೂ ಎಲೆಯೂ ತಂಬಿಗೆಯ ಜೊತೆಗೇ ತಿರುಗತೊಡಗುತ್ತವೆ. ಈಗ ತಂಬಿಗೆ ನಿಲ್ಲಿಸಿ. ಎಲೆ ನಿಲ್ಲುವುದಿಲ್ಲ. ಕಿವಿಗೆ ಗೊತ್ತಾಗುವುದು ತಂಬಿಗೆಗೂ ನೀರಿಗೂ ಇರುವ ವ್ಯತ್ಯಾಸ ಮಾತ್ರ. ಎರಡೂ ಜೊತೆಗೆ ತಿರುಗಿದರೆ ‘ನಿಂತಿದೆ’ ಅನ್ನುತ್ತದೆ. ನೆಲದ ಮೇಲೆ ಇದರಿಂದ ತೊಂದರೆಯಿಲ್ಲ, ಯಾಕೆಂದರೆ ಕಣ್ಣು ಕೂಡಲೇ ತಿದ್ದುತ್ತದೆ. ಮೋಡದೊಳಗೆ ಕಣ್ಣಿಗೆ ಕಾಣುವುದು ಬರೀ ಬಿಳುಪು.

ವಿಮಾನ ಒಂದು ಬದಿಗೆ ತೀರಾ ನಿಧಾನವಾಗಿ ವಾಲಿತು ಅನ್ನಿ. ಕಿವಿಗೆ ಅದು ಗೊತ್ತೇ ಆಗುವುದಿಲ್ಲ. ವಾಲಿದ ವಿಮಾನ ತಿರುಗತೊಡಗುತ್ತದೆ, ಮೂತಿ ಕೆಳಗಾಗುತ್ತದೆ, ವೇಗ ಏರುತ್ತದೆ. ಎತ್ತರ ಇಳಿಯುತ್ತಿರುವುದನ್ನು ಮೀಟರಿನಲ್ಲಿ ಕಂಡ ಪೈಲಟ್ ಹಿಡಿಯನ್ನು ಎದೆಗೆ ಎಳೆದುಕೊಳ್ಳುತ್ತಾನೆ. ನೆಟ್ಟಗಿರುವ ವಿಮಾನವಾದರೆ ಮೇಲೇರುತ್ತಿತ್ತು. ವಾಲಿರುವುದರಿಂದ ಸುತ್ತು ಇನ್ನೂ ಬಿಗಿಯಾಗುತ್ತದೆ, ಇಳಿತ ಇನ್ನೂ ಜಾಸ್ತಿ. ಪೈಲಟ್‌ಗಳ ಮಾತಿನಲ್ಲಿ ಇದು ‘ಗ್ರೇವ್‌ಯಾರ್ಡ್ ಸ್ಪೈರಲ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ಸ್ಮಶಾನದ ಸುತ್ತು.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದರು. ಬರೀ ಮೀಟರು ನೋಡಿ ಹಾರಿಸುವ ಅಭ್ಯಾಸವಿಲ್ಲದ 20 ವಿದ್ಯಾರ್ಥಿಗಳನ್ನು, ಪಕ್ಕದಲ್ಲಿ ಶಿಕ್ಷಕರನ್ನು ಕೂರಿಸಿ, ಹೊರಗಿನದು ಏನೂ ಕಾಣದಂತೆ ಮಾಡಿ ವಿಮಾನ ಹಾರಿಸಲು ಬಿಟ್ಟರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಒಬ್ಬ 20 ಸೆಕೆಂಡಿಗೆ, ಇನ್ನೊಬ್ಬ 480 ಸೆಕೆಂಡಿಗೆ. ಸರಾಸರಿ 178 ಸೆಕೆಂಡ್. ಮೂರು ನಿಮಿಷಕ್ಕೆ ಎರಡು ಸೆಕೆಂಡ್ ಕಡಿಮೆ. ಈ ಸಂಖ್ಯೆ ಗೊತ್ತಿಲ್ಲದ ಫ್ಲೈಯಿಂಗ್ ಸ್ಕೂಲ್ ಬಹುಶಃ ಇಲ್ಲ. ಆದರೆ ಆ ಪ್ರಯೋಗ ನಡೆದದ್ದು ಎಷ್ಟು ಬೇಗ ಸಾಯುತ್ತಾರೆ ಎಂದು ಅಳೆಯುವುದಕ್ಕಲ್ಲ. ಬಂದ ದಾರಿಗೆ ವಿಮಾನವನ್ನು ಹೊಳ್ಳಿಸುವುದನ್ನು ಸುಲಭವಾಗಿ ಕಲಿಸಬಹುದೇ ಎಂದು ನೋಡುವುದಕ್ಕೆ. ಅದೇ ಹುಡುಗರಿಗೆ ಆ ವಿಧಾನ ಹೇಳಿಕೊಟ್ಟ ಮೇಲೆ ಹೆಚ್ಚುಕಡಿಮೆ ಪ್ರತಿ ಸಲವೂ ಸುರಕ್ಷಿತವಾಗಿ ತಿರುಗಿದರು. ಪ್ರಯೋಗದ ಈ ಅರ್ಧವನ್ನು ಯಾರೂ ಹೇಳುವುದಿಲ್ಲ. ನನಗೆ ಇದೇ ಮುಖ್ಯ. ಸಾಧಾರಣ ಗತಿಯಲ್ಲಿ ಅರ್ಧ ಸುತ್ತು ಹೊಳ್ಳಲು ಬೇಕಾಗುವುದು ಒಂದು ನಿಮಿಷ. 178ರಲ್ಲಿ 60.

ಇನ್ನು ನಮ್ಮ ಆಕಾಶಕ್ಕೆ ಬರೋಣ. ಬೀದರಿನವರಿಗೆ ವಿಮಾನ ಹೊಸದಲ್ಲ. ಅಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ, 1996ರಲ್ಲಿ ಶುರುವಾದ, ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ ತಂಡದ ಮನೆಯೂ ಅದೇ. ಕಲಬುರಗಿಗೆ ವಿಮಾನ ನಿಲ್ದಾಣ ಬಂದದ್ದು 2019ರ ನವೆಂಬರಿನಲ್ಲಿ. ಹೊಸ ಪೈಲಟ್ ತರಬೇತಿ ಸಂಸ್ಥೆಗಳಿಗೆಂದು 2021ರಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ನಮ್ಮದೂ ಒಂದು. ಈಗ ಹೊಲದಲ್ಲಿ ಕಳೆ ತೆಗೆಯುವವರು ತಲೆ ಎತ್ತಿ ನೋಡುವುದನ್ನೂ ಬಿಟ್ಟಿದ್ದಾರೆ, ಅಷ್ಟು ರೂಢಿಯಾಗಿದೆ ತರಬೇತಿ ವಿಮಾನದ ಸದ್ದು. ಅದನ್ನು ಹಾರಿಸುವವರು ಇಲ್ಲಿ ಕೂತಿರುವ ನಿಮ್ಮ ವಯಸ್ಸಿನವರು.

ಅಂಥ ವಿಮಾನದ ತೂಕ ಪೆಟ್ರೋಲು, ಇಬ್ಬರು ಮನುಷ್ಯರು ಎಲ್ಲ ಸೇರಿ ಸುಮಾರು ಒಂದು ಟನ್. ನೀವು ಬೆಂಗಳೂರಿಗೆ ಹೋಗುವ ದೊಡ್ಡ ವಿಮಾನದ ಮೂತಿಯಲ್ಲಿ ಮೋಡದ ಒಳಗಿನದನ್ನು ತೋರಿಸುವ ರಾಡಾರ್ ಇರುತ್ತದೆ. ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇದು ಏರಬಹುದಾದ ಎತ್ತರ 14,000 ಅಡಿಯ ಆಸುಪಾಸು, ಅಂದರೆ ನಾಲ್ಕು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಬೇಸಿಗೆ ಸಂಜೆಯ ನಮ್ಮ ಗುಡುಗು ಮೋಡ 15 ಕಿಲೋಮೀಟರಿನವರೆಗೂ ಏರಿ ನಿಂತಿರುತ್ತದೆ. ಮೇಲಿನಿಂದ ದಾಟುವ ಮಾತೇ ಇಲ್ಲ.

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂತ ಹಿರಿಯರು ಹೇಳುತ್ತಾರೆ. ಏಪ್ರಿಲ್ ಕೊನೆ, ಮೇ ಮೊದಲ ವಾರದ ಮಳೆ ಅದು. ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆ. ಹನ್ನೆರಡಕ್ಕೆ ಅಲ್ಲೊಂದು ಇಲ್ಲೊಂದು ಹತ್ತಿಯ ಮುದ್ದೆ. ಎರಡಕ್ಕೆ ಹೂಕೋಸು. ನಾಲ್ಕಕ್ಕೆ ಪಶ್ಚಿಮದ ಅಂಚು ಕಪ್ಪಾಗುತ್ತದೆ. ಮಳೆ ಇನ್ನೂ ನಾಲ್ಕೈದು ಊರಾಚೆ ಇರುವಾಗಲೇ ಒಮ್ಮೆಗೇ ತಣ್ಣನೆ ಗಾಳಿ ಬೀಸುತ್ತದೆ, ದೂಳು ಏಳುತ್ತದೆ, ಒದ್ದೆ ಮಣ್ಣಿನ ವಾಸನೆ ಬರುತ್ತದೆ. ಕಣದಲ್ಲಿದ್ದವರು ತಾಡಪತ್ರಿ ಹುಡುಕಿ ಓಡುತ್ತಾರೆ. ಮೋಡದೊಳಗಿನಿಂದ ಕೆಳಗೆ ಸುರಿದ ತಣ್ಣನೆ ಗಾಳಿ ನೆಲಕ್ಕೆ ಬಡಿದು, ಚೆಲ್ಲಿದ ನೀರಿನ ಹಾಗೆ ಸುತ್ತಲೂ ಹರಡಿದ್ದು ಅದು. ನಿಮಗೆ ಟಿನ್ ಶೀಟ್ ಹಾರುತ್ತದೆ. ರನ್‌ವೇಗೆ ಇಳಿಯುತ್ತಿರುವ ಸಣ್ಣ ವಿಮಾನಕ್ಕೆ ಕಾಲ ಕೆಳಗಿನ ಗಾಳಿಯೇ ದಿಕ್ಕು ಬದಲಿಸುತ್ತದೆ. ಸಣ್ಣ ತರಬೇತಿ ವಿಮಾನವೊಂದು ಅಡ್ಡಗಾಳಿಯನ್ನು ತಾಳಬಲ್ಲದೆಂದು ತೋರಿಸಿಕೊಟ್ಟಿರುವುದು 15 ನಾಟ್‌ವರೆಗೆ, ಗಂಟೆಗೆ ಸುಮಾರು 28 ಕಿಲೋಮೀಟರ್. ನಮ್ಮ ಭರಣಿ ಗಾಳಿ ಅದರ ಎರಡು ಪಟ್ಟು ಬೀಸುವುದು ದೊಡ್ಡ ಮಾತಲ್ಲ. ಜೋರು ಗುಡುಗು ಮೋಡದಿಂದ ಕನಿಷ್ಠ 20 ಮೈಲಿ ದೂರ ಇರಿ ಎಂದು ಪೈಲಟ್‌ಗಳಿಗೆ ಹೇಳುವುದು ಇದಕ್ಕೇ. ಆ ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ಓಡಬೇಕು ಅನ್ನುವುದು ಕಣದ ರೈತನಿಗೆ ಯಾರೂ ಕಲಿಸಬೇಕಿಲ್ಲ. ಗಾಜಿನ ಹಿಂದೆ, ಇಂಜಿನ್ ಸದ್ದಿನಲ್ಲಿ ಕೂತ ಪೈಲಟ್‌ಗೆ ಆ ವಾಸನೆ ಸಿಗುವುದಿಲ್ಲ.

ಚಳಿಗಾಲದ ಕಥೆ ಬೇರೆ. ತೊಗರಿ ಹೂವಾಡುವಾಗ ಮಂಜು ಬಿದ್ದರೆ ನಮ್ಮ ರೈತರ ಎದೆ ಒಡೆಯುತ್ತದೆ. ಅದೇ ಮಂಜು ವಿಮಾನಕ್ಕೂ ಗುಂಡಿ ತೋಡುತ್ತದೆ. ತೆಳ್ಳನೆಯ ಮಂಜು ನೆಲಕ್ಕೆ ಹಾಸಿಕೊಂಡಿದ್ದಾಗ ಮೇಲಿನಿಂದ ನೇರ ಕೆಳಗೆ ನೋಡಿದರೆ ರನ್‌ವೇ ಚೆನ್ನಾಗಿಯೇ ಕಾಣುತ್ತದೆ. ಬಿಳಿ ಗೆರೆಗಳೂ ಕಾಣುತ್ತವೆ. ಸರಿ ಇದೆಯಲ್ಲ ಅಂತ ಇಳಿಯಲು ಬಂದರೆ, ಈಗ ನೋಡಬೇಕಿರುವುದು ಓರೆಯಾಗಿ, ಮಂಜಿನ ಉದ್ದಕ್ಕೂ. ಕೊನೆಯ ಇನ್ನೂರು ಅಡಿಯಲ್ಲಿ ರನ್‌ವೇ ಮಾಯ. ತೆಳು ಸೀರೆಯನ್ನು ಒಂದು ಪದರ ಹಿಡಿದರೆ ಆಚೆಯದು ಕಾಣುತ್ತದೆ, ಮಡಿಚಿ ಹಿಡಿದರೆ ಕಾಣುವುದಿಲ್ಲ, ಅಲ್ವಾ? ಹಾಗೆಯೇ ಇದು.

ನಾನು ಬಹಳ ವರ್ಷ ಹವಾಮಾನ ವೀಕ್ಷಕನಾಗಿದ್ದವನು. ನಮ್ಮ ಕೆಲಸದಲ್ಲಿ ಒಂದು ಸಣ್ಣ ಲೆಕ್ಕವಿದೆ, ನಿಮಗೂ ಹೇಳಿಕೊಡುತ್ತೇನೆ. ಗಾಳಿಯ ಉಷ್ಣಾಂಶ ಒಂದು. ಅದೇ ಗಾಳಿ ಎಷ್ಟು ತಣ್ಣಗಾದರೆ ಇಬ್ಬನಿ ಕಟ್ಟುತ್ತದೋ ಆ ಉಷ್ಣಾಂಶ ಇನ್ನೊಂದು. ಎರಡರ ವ್ಯತ್ಯಾಸವನ್ನು 400ರಿಂದ ಗುಣಿಸಿ. ಗುಡ್ಡೆಗುಡ್ಡೆಯಾಗಿ ಏಳುವ ಮೋಡದ ತಳ ಸುಮಾರು ಅಷ್ಟು ಅಡಿ ಎತ್ತರದಲ್ಲಿರುತ್ತದೆ. 38 ಮತ್ತು 18 ಇದ್ದರೆ 8,000 ಅಡಿ, ನಿಶ್ಚಿಂತೆ. ಮಳೆ ಬಂದು ಹೋದ ಮೇಲೆ 24 ಮತ್ತು 22 ಆಯಿತು ಅನ್ನಿ. 800 ಅಡಿ. ಎರಡು ಸಂಖ್ಯೆಗಳು ಒಂದಕ್ಕೊಂದು ಹತ್ತಿರ ಬರುತ್ತಿವೆ ಎಂದರೆ ಆಕಾಶ ಕೆಳಗಿಳಿಯುತ್ತಿದೆ ಎಂದೇ ಅರ್ಥ. ನನ್ನ ಕೆಲಸದ ದಿನಗಳಲ್ಲಿ ಆ ಎರಡು ಸಂಖ್ಯೆ ನೋಡದೆ ನಾನು ಚಹಾ ಕುಡಿದವನಲ್ಲ. ಅಂಥ ತೇವದ ಗಾಳಿಯಲ್ಲಿ ಇನ್ನೊಂದು ಅಪಾಯವೂ ಇದೆ. ಪೆಟ್ರೋಲು, ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇರುವ ಇಂಜಿನ್‌ಗಳಲ್ಲಿ ಹೊರಗೆ 20 ಡಿಗ್ರಿ ಇದ್ದರೂ ಒಳಗೆ ಮಂಜುಗಡ್ಡೆ ಕಟ್ಟಬಹುದು. ಪೆಟ್ರೋಲು ಆವಿಯಾಗುವಾಗ ಅಷ್ಟು ತಣ್ಣಗಾಗುತ್ತದೆ. ಅದಕ್ಕೆ ಬಿಸಿಗಾಳಿ ಬಿಡುವ ನಾಬ್ ಇರುತ್ತದೆ, ನೆನಪಾಗಬೇಕು ಅಷ್ಟೇ.

ಕಣ್ಣಿಂದ ನೋಡಿ ಹಾರಿಸುವವರಿಗೆ ನಿಯಮದ ಪ್ರಕಾರ 5 ಕಿಲೋಮೀಟರ್ ಮುಂದೆ ಕಾಣಬೇಕು. ಜಾಸ್ತಿ ಅನ್ನಿಸುತ್ತದೆ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಅದು ಒಂದೂವರೆ ನಿಮಿಷದ ದಾರಿ. ಹವಾಮಾನ ಕೆಡುವುದು ಬಾಗಿಲು ಮುಚ್ಚಿದ ಹಾಗಲ್ಲ. ಎಂಟು ಇದ್ದದ್ದು ಆರಾಗುತ್ತದೆ. ಆರು ಇದ್ದದ್ದು ಐದಾಗುತ್ತದೆ. ನಾಲ್ಕಾದಾಗ ‘ಐದು ಇತ್ತಲ್ಲ, ಒಂದೇ ಕಡಿಮೆ’ ಅನ್ನಿಸುತ್ತದೆ. ಮೋಡ ತಗ್ಗಿದಷ್ಟೂ ವಿಮಾನವೂ ತಗ್ಗುತ್ತದೆ. ಒಂದೂ ದೊಡ್ಡ ತಪ್ಪು ಮಾಡದೆ, ಬರೀ ಸಣ್ಣ ಸಣ್ಣ ಸರಿಗಳನ್ನೇ ಮಾಡುತ್ತಾ ಸಾವಿನ ಬಾಯಿಗೆ ಹೋಗಬಹುದು. ‘ನಮ್ಮಲ್ಲಿ ಬೆಟ್ಟ ಇಲ್ಲವಲ್ಲ ಸರ್, ಬಯಲು’ ಎಂದು ಕೆಲವರು ಹೇಳುತ್ತಾರೆ. ಬಯಲಲ್ಲಿ ಮೊಬೈಲ್ ಟವರ್ ಇದೆ, ಹೈಟೆನ್ಶನ್ ತಂತಿ ಇದೆ, ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಯ ಚಿಮಣಿಗಳಿವೆ. ದಿಕ್ಕು ತಪ್ಪಲು ಬೆಟ್ಟ ಬೇಕಾಗಿಯೂ ಇಲ್ಲ. 1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ತಾನೇ ಹಾರಿಸುತ್ತಿದ್ದ ಸಣ್ಣ ವಿಮಾನ ಬಿದ್ದದ್ದು ಸಮುದ್ರಕ್ಕೆ. ಮಸುಕು ಕವಿದಿತ್ತು. ನೀರು ಯಾವುದು, ಆಕಾಶ ಯಾವುದು ಎಂದು ಹೇಳುವ ಗೆರೆ ಇರಲಿಲ್ಲ. ಹೆಂಡತಿ, ಹೆಂಡತಿಯ ಅಕ್ಕ ಜೊತೆಗಿದ್ದರು.

ನಮಗೆ ಹತ್ತಿರದ್ದು ಆಂಧ್ರದ ಮುಖ್ಯಮಂತ್ರಿಯಾಗಿದ್ದ ವೈ.ಎಸ್. ರಾಜಶೇಖರ ರೆಡ್ಡಿಯವರದು. 2009ರ ಸೆಪ್ಟೆಂಬರ್ 2ರ ಬೆಳಿಗ್ಗೆ ಹೈದರಾಬಾದಿನ ಬೇಗಂಪೇಟೆಯಿಂದ ಹೆಲಿಕಾಪ್ಟರ್ ಚಿತ್ತೂರು ಜಿಲ್ಲೆಗೆ ಹೊರಟಿತು. ಹಳ್ಳಿಯ ಜನರೊಂದಿಗೆ ಮಾತಾಡುವ ಕಾರ್ಯಕ್ರಮ. ನಲ್ಲಮಲ ಕಾಡಿನ ಮೇಲೆ ಸಂಪರ್ಕ ಕಡಿಯಿತು. ಅವತ್ತು ನಮ್ಮ ಕಡೆಯ ಮನೆಗಳಲ್ಲೂ ಟಿವಿ ಆರಲಿಲ್ಲ. ಹೈದರಾಬಾದಿನಲ್ಲಿ ಒಬ್ಬ ನೆಂಟ ಇಲ್ಲದ ಮನೆ ಇಲ್ಲಿ ಎಲ್ಲಿದೆ? ಮರುದಿನ ಬೆಟ್ಟದ ಮೇಲೆ ಅವಶೇಷ ಸಿಕ್ಕಿತು, ಐದೂ ಜನ ತೀರಿಹೋಗಿದ್ದರು. ಮೋಡದೊಳಗಿನ ಕೆಳಮುಖ ಗಾಳಿಯ ಹೊಡೆತಕ್ಕೆ ಹೆಲಿಕಾಪ್ಟರ್ ನೆಲಕ್ಕೆ ಬಡಿಯಿತು ಎಂದು ತನಿಖಾ ಸಮಿತಿ ಹೇಳಿತು. ಆ ಕೊನೆಯ ನಿಮಿಷಗಳಲ್ಲಿ ಪೈಲಟ್‌ಗಳ ಗಮನ ಆಯಿಲ್ ಪ್ರೆಶರಿನ ಒಂದು ಸಮಸ್ಯೆಯ ಮೇಲಿತ್ತು. ಕೆಟ್ಟ ಆಕಾಶದಲ್ಲಿ ಇನ್ನೊಂದು ಸಣ್ಣ ತೊಂದರೆಗೆ ಜಾಗ ಇರುವುದಿಲ್ಲ.

2001ರ ಸೆಪ್ಟೆಂಬರ್ 30ರಂದು ಮಾಧವರಾವ್ ಸಿಂಧಿಯಾ ಸಣ್ಣ ವಿಮಾನದಲ್ಲಿ ಕಾನ್ಪುರದ ಸಭೆಗೆ ಹೊರಟಿದ್ದರು. ಹವಾಮಾನ ಕೆಟ್ಟಿತ್ತು. ಮೈನ್‌ಪುರಿಯ ಹತ್ತಿರ ವಿಮಾನ ಬಿತ್ತು, ಎಂಟು ಜನ ಸತ್ತರು. ಅವರು ಒಂದು ಕಾಲಕ್ಕೆ ದೇಶದ ವಿಮಾನಯಾನ ಮಂತ್ರಿಯಾಗಿದ್ದವರು. 1993ರಲ್ಲಿ ದೆಹಲಿಯಲ್ಲಿ ಬಾಡಿಗೆ ವಿಮಾನವೊಂದು ಅಪಘಾತಕ್ಕೀಡಾದಾಗ, ಯಾರೂ ಸಾಯದಿದ್ದರೂ, ರಾಜೀನಾಮೆ ಕೊಟ್ಟಿದ್ದರು. ಅಂಥವರು ಹೀಗೆ ಹೋದರು ಎಂದು ನೆನೆದಾಗ ಈಗಲೂ ಕರುಳು ಚುರ್ ಅನ್ನುತ್ತದೆ. ಅದಾಗಿ ಆರು ತಿಂಗಳೂ ಆಗಿರಲಿಲ್ಲ, 2002ರ ಮಾರ್ಚ್ 3ರಂದು ಲೋಕಸಭೆಯ ಸ್ಪೀಕರ್ ಬಾಲಯೋಗಿಯವರ ಹೆಲಿಕಾಪ್ಟರ್ ಆಂಧ್ರದ ಕೈಕಲೂರಿನ ಮೀನಿನ ಕೆರೆಗೆ ಬಿತ್ತು. ಮಸುಕಿನಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ.

ಅಂದು ಆ ಪೈಲಟ್‌ಗಳ ಮೇಲೆ ಯಾರೋ ಒತ್ತಡ ಹಾಕಿದ್ದರು ಎಂದು ನಾನು ಹೇಳುತ್ತಿಲ್ಲ. ನಾನು ಹೇಳುವುದು ನನ್ನ ಕಣ್ಣಾರೆ ಕಂಡದ್ದನ್ನು.

ಊರಿನ ಹೆಸರು ಬೇಡ. ಏಪ್ರಿಲ್ ತಿಂಗಳು. ನಾಲ್ಕು ಸೀಟಿನ ವಿಮಾನ. ಹಿಂದಿನ ಸೀಟಿನಲ್ಲಿ ನಾನು, ಮುಂದೆ ಪೈಲಟ್, ಅವನ ಪಕ್ಕದಲ್ಲಿ ವಿಮಾನದ ಬಾಡಿಗೆ ಕೊಟ್ಟವರು. ಸಂಜೆ ಅವರ ತಂಗಿಯ ಮಗಳ ಮದುವೆ. ಹೊರಟಾಗ ಬಿಸಿಲು ಸುಡುತ್ತಿತ್ತು. ಅರ್ಧ ಗಂಟೆ ಹಾರಿದ ಮೇಲೆ ಮುಂದಿನ ಹಳ್ಳಿಗಳ ತಗಡಿನ ಮನೆಗಳು ಹೊಳೆಯುವುದು ನಿಂತಿತು. ಆಮೇಲೆ ಹಳ್ಳಿಗಳೇ ಕಾಣಲಿಲ್ಲ. ಕೆಳಗೆ ಇಟ್ಟಿಗೆ ಭಟ್ಟಿಯೊಂದರ ಹೊಗೆ ನೆಲಕ್ಕೆ ಅಂಟಿಕೊಂಡು ನಮ್ಮ ಕಡೆಗೇ ಓಡಿ ಬರುತ್ತಿತ್ತು. ಅದರ ಹಿಂದೆ ದೂಳಿನ ಒಂದು ಕಂದು ಗೋಡೆ.

ಪೈಲಟ್ ಒಂದು ಮಾತೂ ಆಡದೆ ಎಡಕ್ಕೆ ತಿರುಗಿಸತೊಡಗಿದ. ಪಕ್ಕದವರು, ‘ಯಾಕೆ? ಇನ್ನೇನು ಹದಿನೈದು ನಿಮಿಷ. ಕೆಳಗಿನಿಂದ ಹೋಗು’ ಅಂದರು. ಅವನು ಉತ್ತರ ಕೊಡಲಿಲ್ಲ. ದಿಕ್ಸೂಚಿಯ ಮೇಲೆ ಒಂದು ಬೆರಳಿಟ್ಟುಕೊಂಡಿದ್ದ. ನಾವು ಹೋಗುತ್ತಿದ್ದ ದಿಕ್ಕಿನ ಸರಿಯಾಗಿ ಎದುರಿನ ಅಂಕಿ ಅದು. ಆ ಅಂಕಿ ಬರುವವರೆಗೆ ಬೆರಳು ತೆಗೆಯಲಿಲ್ಲ. ಅವರು ದನಿ ಏರಿಸಿದರು. ದುಡ್ಡಿನ ಮಾತು ಬಂತು. ಅವನು ಹಾರಿಸುತ್ತಲೇ ಇದ್ದ.

ಹೊರಟಲ್ಲಿಗೇ ಬಂದು ಇಳಿದೆವು. ಅವರು ಮಾತಾಡದೆ ಕಾರು ತರಿಸಿಕೊಂಡು ಹೋದರು. ಮದುವೆ ಮನೆ ಮುಟ್ಟುವಾಗ ಊಟದ ಪಂಕ್ತಿ ಎದ್ದಿತ್ತಂತೆ. ಪೈಲಟ್ ರೆಕ್ಕೆಯ ನೆರಳಿನಲ್ಲಿ ನಿಂತು ಎರಡೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಒರೆಸಿದಷ್ಟೂ ಬೆವರುತ್ತಿತ್ತು. ಮೂವತ್ತು ವರ್ಷ ಇದ್ದೀತು. ನಾನು ಹವಾಮಾನದವನು, ಅವನು ಏನು ಮಾಡಿದ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಹೆಗಲ ಮೇಲೆ ಕೈಯಿಟ್ಟು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಬ್ಯಾಗ್ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಇವತ್ತು ಇಲ್ಲಿ ನಿಂತು ಮಾತಾಡುತ್ತಿರುವುದಕ್ಕೆ ಅದೂ ಒಂದು ಕಾರಣ.

‘ಮುಟ್ಟಲೇಬೇಕು’ ಎಂಬ ಹಟ ಪೈಲಟ್‌ನ ತಲೆಯಲ್ಲಿ ಮಾತ್ರ ಹುಟ್ಟುವುದಿಲ್ಲ. ಕೆಳಗೆ ಹಾರ ಹಿಡಿದು ನಿಂತವರಲ್ಲಿ ಹುಟ್ಟುತ್ತದೆ. ಚುನಾವಣೆ ಬಂದಾಗ ನಮ್ಮ ತಾಲ್ಲೂಕು ಊರುಗಳ ಶಾಲೆ ಮೈದಾನದಲ್ಲಿ ಸುಣ್ಣದಿಂದ ಎಚ್ ಅಕ್ಷರ ಬರೆದು ಜನ ಬಿಸಿಲಲ್ಲಿ ಕಾಯುವುದನ್ನು ನೀವು ನೋಡಿದ್ದೀರಿ. ಹೆಲಿಕಾಪ್ಟರ್ ತಡವಾದರೆ ಸಂಘಟಕರ ಫೋನು ಶುರು. ‘ಇಲ್ಲಿ ಬಿಸಿಲಿದೆ, ಮೋಡ ಎಲ್ಲಿದೆ?’ ಅನ್ನುತ್ತಾರೆ. ಇಲ್ಲಿ ಬಿಸಿಲಿರುವುದು ನಿಜ. ಐವತ್ತು ಕಿಲೋಮೀಟರ್ ಆಚೆ, ಅವರು ಬರುವ ದಾರಿಯಲ್ಲಿ ಏನಿದೆ ಎಂದು ಇವರಿಗೆ ಕಾಣುವುದಿಲ್ಲ. ಚುನಾವಣೆ ಹಾರಾಟಕ್ಕೆಂದೇ ದೇಶದ ವಿಮಾನಯಾನದ ನಿಯಮ ನೋಡಿಕೊಳ್ಳುವ ಡಿಜಿಸಿಎ ಸುರಕ್ಷತೆಯ ಸೂಚನೆ ಹೊರಡಿಸಿದೆ. ಸೂಚನೆ ಪೈಲಟ್‌ನ ಕೈಯಲ್ಲಿರುತ್ತದೆ, ಫೋನು ನಮ್ಮ ಕೈಯಲ್ಲಿ. ಮದುವೆಗೆ, ಜಾತ್ರೆಯಲ್ಲಿ ಹೂ ಸುರಿಯಲು ಹೆಲಿಕಾಪ್ಟರ್ ತರಿಸುವ ಕಾಲ ಇದು. ತರಿಸಿ, ಬೇಡ ಅನ್ನುವುದಿಲ್ಲ. ಬುಕ್ ಮಾಡುವ ದಿನವೇ ಪೈಲಟ್‌ಗೆ ‘ಹವಾಮಾನ ಸರಿ ಇಲ್ಲದಿದ್ದರೆ ಬರಬೇಡಿ, ನಾವು ಬೇಜಾರು ಮಾಡಿಕೊಳ್ಳುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ಸುಮ್ನೆ ಮನಸ್ಸಿನಲ್ಲಿ ಅಂದುಕೊಂಡರೆ ಅವನಿಗೆ ಕೇಳಿಸುವುದಿಲ್ಲ.

ಪ್ರಶ್ನೆಯ ಹೊತ್ತಿಗೆ ತರಬೇತಿಯಲ್ಲಿರುವ ಹುಡುಗನೊಬ್ಬ ಎದ್ದು ನಿಂತ. ‘ಸರ್, ಅರ್ಧ ದಾರಿಯಿಂದ ವಾಪಸ್ ಬಂದರೆ ಆ ಗಂಟೆ ಲೆಕ್ಕಕ್ಕೆ ಬರುತ್ತದಾ?’ ಅಂದ.

ಒಳ್ಳೆಯ ಪ್ರಶ್ನೆ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಬೇಕು. ವಾಪಸ್ ಬಂದ ಗಂಟೆಯೂ ಆ ಲೆಕ್ಕದಲ್ಲಿ ಸೇರುತ್ತದೆ. ಆದರೆ ಅದರಲ್ಲಿ 300 ನಾಟಿಕಲ್ ಮೈಲಿಯ, ಅಂದರೆ ಸುಮಾರು 555 ಕಿಲೋಮೀಟರಿನ ಒಂದು ಉದ್ದ ಹಾರಾಟ ಇರಲೇಬೇಕು, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿಯಬೇಕು. ಅದರ ಅರ್ಧದಲ್ಲಿ ಹೊಳ್ಳಿದರೆ ಆ ಹಾರಾಟವನ್ನು ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ. ದುಡ್ಡು ಮತ್ತೆ ಕಟ್ಟಬೇಕು. ಇದನ್ನು ಮುಚ್ಚಿಡದೆ ಹೇಳಿದೆ. ಹುಡುಗ ತಲೆ ತಗ್ಗಿಸಿದ. ಅವನ ತಲೆಯಲ್ಲಿ ಓಡುತ್ತಿದ್ದ ಲೆಕ್ಕ ನನಗೂ ಗೊತ್ತಾಯಿತು. ಇಂಥ ಕೋರ್ಸಿಗೆ ಹೊಲ ಅಡವಿಟ್ಟವರಿದ್ದಾರೆ.

ಎರಡು ಸಾಲು ಹಿಂದೆ ಧೋತರ, ಬಿಳಿ ಟೋಪಿಯ ಒಬ್ಬರು ಎದ್ದರು. ಹುಡುಗನ ಅಪ್ಪ. ಮೈಕ್ ಕೊಡಲು ಹೋದರೆ ಬೇಡ ಎಂದು ಕೈಯಾಡಿಸಿದರು. ನನ್ನ ಕಡೆ ನೋಡಲಿಲ್ಲ, ಮಗನ ಕಡೆಗೇ ನೋಡಿ ಹೇಳಿದರು: ‘ರೊಕ್ಕದ ಮಾತು ನನಗ ಬಿಡು. ನೀ ಹೊಳ್ಳಿ ಬಾ.’